ಮುದಗಲ್ಲಿನ ಕಲ್ಲುಕಮಾನು: ಒಂದು ಚಿತ್ರದ ಚರಿತ್ರೆ

ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಹೊರಬರುತ್ತಿರುವ ಈ ಸ್ಮರಣ ಸಂಚಿಕೆಗೆ ಚಿತ್ರಗಳನ್ನು ಕೂಡಿಸುವ ಕಾರ್ಯ ನಮ್ಮ ಪಾಲಿಗೆ ಬಂದಿತು. ಲೇಖನ ಬರೆಯುವುದು ಪಂಡಿತರ ಕೆಲಸ, ಚಿತ್ರ ಕೂಡಿಸುವುದು ಯಾರಿಂದಲೂ ಆಗುವ ಕೆಲಸವೆಂದು ಭಾವಿಸಿ ನಾವು ಸಂತೋಷದಿಂದಲೇ ಒಪ್ಪಿಕೊಂಡೆವು. ಮನೆಮನೆಗೆ ಹೋಗಿ ಪೆಟ್ಟಿಗೆಗಳನ್ನು ತೆರೆಯಿಸಿ, ಗೋಡೆಯ ಮೇಲಿನ ಪಟಗಳನ್ನು ಇಳಿಸಿ ನೋಡತೊಡಗಿದ ಮೇಲೆ ನಮ್ಮ ತಪ್ಪು ನಮಗೆ ತಿಳಿಯಿತು. ಹೊಸ ದೇವಾಲಯದ ಚಿತ್ರಗಳು ನೂರಾರು ದೊರೆತವು. ಆದರೆ ಅದಕ್ಕೂ ಹಿಂದೆ ಇದೇ ಸ್ಥಳದಲ್ಲಿ ನಿಂತಿದ್ದ ಹಳೆಯ ಕಲ್ಲಿನ ದೇವಾಲಯದ ಚಿತ್ರ ಒಂದೂ ಸಿಗಲಿಲ್ಲ.

ಆ ದೇವಾಲಯವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಕಲ್ಲು ಮತ್ತು ಮಣ್ಣಿನ ಗೋಡೆ, ಎತ್ತರವಿಲ್ಲದ ಸೂರು, ಆದರೆ ಬಾಗಿಲಿಗೆ ಮಾತ್ರ ಕಡೆದ ಕಲ್ಲಿನ ಕಮಾನು ಇತ್ತೆಂದು ಹಿರಿಯರು ಹೇಳುತ್ತಾರೆ. ಅದು ಎಷ್ಟು ಎತ್ತರವಿತ್ತು ಎಂದು ಕೇಳಿದರೆ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಹೊಂದುವುದಿಲ್ಲ. ಭಕ್ತಾದಿಗಳ ಸಂಖ್ಯೆ ಬೆಳೆದು ಸ್ಥಳ ಸಾಲದಾದಾಗ ಹಳೆಯದನ್ನು ಇಳಿಸಿ ಹೊಸದನ್ನು ಕಟ್ಟಿದರು. ಅದು ಅಂದಿನ ಅಗತ್ಯವಾಗಿತ್ತು, ಅದಕ್ಕಾಗಿ ನಾವು ಯಾರನ್ನೂ ದೂರುವುದಿಲ್ಲ. ಕೊನೆಗೆ ಒಂದು ಮನೆಯಲ್ಲಿ ಒಂದು ಹಳೆಯ ವಿವಾಹದ ಚಿತ್ರ ದೊರೆಯಿತು. ವಧೂವರರು ದೇವಾಲಯದ ಬಾಗಿಲಲ್ಲಿ ನಿಂತಿದ್ದಾರೆ. ವರನ ತಲೆಯ ಪಕ್ಕದಲ್ಲಿ ಕಮಾನಿನ ಎಡಬುಡದ ಮೂರು ಕಲ್ಲುಗಳು ಕಾಣಿಸುತ್ತವೆ, ಅಷ್ಟೆ. ನಮ್ಮ ಪೂರ್ವಿಕರ ದೇವಾಲಯದಿಂದ ಚಿತ್ರರೂಪದಲ್ಲಿ ಉಳಿದಿರುವುದು ಈ ಮೂರು ಕಲ್ಲು ಮಾತ್ರ.

ಇಂತಹ ಕಮಾನು ಹೇಗಿರುತ್ತದೆಂಬುದನ್ನು ನಮ್ಮ ಮಕ್ಕಳಿಗೆ ತೋರಿಸುವುದಾದರೂ ಹೇಗೆ ಎಂಬ ಚಿಂತೆಯಿಂದಲೇ ಮುದಗಲ್ಲಿಗೆ ಹೋಗುವ ಆಲೋಚನೆ ಹುಟ್ಟಿತು. ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ನಮ್ಮ ದೋಆಬಿನಲ್ಲಿ ಕಲ್ಲುಕಮಾನುಗಳನ್ನು ನೋಡಬೇಕೆಂದರೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕೋಟೆಗೆ ಹೋಗಬೇಕು. ಅದಲ್ಲದೆ ಈ ಸೀಮೆಯ ಕಥೋಲಿಕರಿಗೆ ಮುದಗಲ್ಲು ಬರಿಯ ಕೋಟೆಯ ಊರಲ್ಲ. ಹದಿನಾರನೆಯ ಶತಮಾನದಲ್ಲಿ ಗೋವೆಯಿಂದ ಬಂದ ಗುರುಗಳಿಂದ ಅಲ್ಲಿ ಕ್ರೈಸ್ತ ಸಮುದಾಯ ನೆಲೆಗೊಂಡಿತೆಂಬುದು ತಲೆಮಾರುಗಳಿಂದ ಬಂದ ನಂಬಿಕೆ. 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ಸ್ಥಾಪನೆಯಾಗುವುದಕ್ಕೆ ಎಷ್ಟೋ ಮುಂಚೆ ಈ ಬಯಲಿನಲ್ಲಿ ಜಪಮಾಲೆ ಹಿಡಿದ ಕೈಗಳಿದ್ದವೆಂಬುದಕ್ಕೆ ಮುದಗಲ್ಲೇ ಸಾಕ್ಷಿ.

ಆಗಮನ ಕಾಲದ ಮೊದಲ ವಾರದಲ್ಲಿ, ಕೋಳಿ ಕೂಗುವ ಹೊತ್ತಿಗೆ, ನಾವು ಐವರು ಜವಳಗೇರಾದಿಂದ ಹೊರಟೆವು. ಮಂಜು ಬೀಳುವ ಕಾಲವದು. ನಮ್ಮದು ಮಲೆನಾಡಲ್ಲ, ಕಾಡಿನ ಮಂಜು ನಮಗೆ ದೊರೆಯದು. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಎರೆಭೂಮಿಗೆ ಹರಿದ ಮೇಲೆ ಭತ್ತದ ಗದ್ದೆಗಳ ಮೇಲೆ ಚಳಿಗಾಲದ ಬೆಳಗುಗಳಲ್ಲಿ ಮಂಜು ಹಾಸುತ್ತದೆ. ಸಿಂಧನೂರು ದಾಟುವವರೆಗೂ ರಸ್ತೆಯ ಎರಡು ಬದಿಯ ಜಾಲಿಯ ಗಿಡಗಳು ಬೂದುಬಣ್ಣದ ನೆರಳುಗಳಂತೆ ಕಾಣುತ್ತಿದ್ದವು. ಮುಂದೆ ಕುಳಿತವರು ಆಗಾಗ ಗಾಜನ್ನು ಒರೆಸುತ್ತಿದ್ದರು. ಹಿಂದೆ ಕುಳಿತವರು ಕ್ಯಾಮರಾದ ಚೀಲವನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ದಾರಿಯಲ್ಲಿ ಮಸ್ಕಿ ಬಂದಿತು. ಅಲ್ಲಿ ನಿಲ್ಲದೆ ಹೋಗಲು ಮನಸ್ಸಾಗಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಎಂಬವರು ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡರು. ಅದು ಅಶೋಕ ಚಕ್ರವರ್ತಿಯ ಶಾಸನವೆಂದು ವಿದ್ವಾಂಸರು ಓದಿ ತಿಳಿಸಿದರು. ಅಶೋಕನ ಶಾಸನಗಳು ಅದಕ್ಕೂ ಮುಂಚೆ ದೇಶದ ಅನೇಕ ಕಡೆ ದೊರೆತಿದ್ದವು. ಆದರೆ ಅವುಗಳಲ್ಲಿ ದೇವರಿಗೆ ಪ್ರಿಯನಾದವನು, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರವಿದ್ದವು. ಅಶೋಕ ಎಂಬ ಹೆಸರು ಮೊದಲು ಓದಿಗೆ ಸಿಕ್ಕಿದ್ದು ನಮ್ಮ ಮಸ್ಕಿಯ ಬಂಡೆಯಲ್ಲಿ. ಬಿರುದುಗಳ ಹಿಂದಿನ ದೊರೆ ಯಾರೆಂದು ಪಂಡಿತರು ಇತರ ಗ್ರಂಥಗಳಿಂದ ಊಹಿಸಿ ಹೇಳುತ್ತಿದ್ದುದನ್ನು ಈ ಒಂದು ಹೆಸರು ದೃಢಪಡಿಸಿತು. ಬೇರೆಡೆಯ ಬಂಡೆಗಳು ದೊಡ್ಡವಿರಬಹುದು, ಬರಹ ಉದ್ದವಿರಬಹುದು. ಹೆಸರಿದ್ದುದರಿಂದ ಈ ಸಣ್ಣ ಶಾಸನಕ್ಕೆ ಆ ಮಹತ್ವ ಬಂದಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಇದಕ್ಕೆ ನಾವು ಕೊನೆಯಲ್ಲಿ ಹಿಂದಿರುಗಬೇಕಾಗಿದೆ.

ಮುದಗಲ್ಲು ಸೇರಿದಾಗ ಸೂರ್ಯೋದಯಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಂದಕದ ನೀರಿನ ಮೇಲೆ ಮಂಜು ಕುಳಿತಿತ್ತು. ಅದರಾಚೆ ಕೊತ್ತಲಗಳ ಸಾಲು, ಅದರ ಹಿಂದೆ ಇನ್ನೊಂದು ಗೋಡೆ, ಎಲ್ಲವೂ ತೊಳೆದ ಬಣ್ಣದಲ್ಲಿ ಬರೆದಂತೆ ಇದ್ದವು. ಈ ಕೋಟೆಗೆ ಮುಖ್ಯವಾದ ಎರಡು ದ್ವಾರಗಳು. ಉತ್ತರಕ್ಕೆ ಮುಖಮಾಡಿದ್ದು ಫತೇ ದರವಾಜಾ, ಪಶ್ಚಿಮಕ್ಕೆ ಮುಖಮಾಡಿದ್ದು ಕಾಟಿ ದರವಾಜಾ. ಒಂದು ಬಾಗಿಲು ದಾಟಿದೊಡನೆ ಒಳಗೆ ಸೇರಿದೆವೆಂದು ತಿಳಿಯುವಂತಿಲ್ಲ. ಮುಂದೆ ಮತ್ತೆ ಗೋಡೆ, ಮತ್ತೆ ಬಾಗಿಲು. ಆನೆಯನ್ನು ನೂಕಿ ಬಾಗಿಲು ಒಡೆಯಬಂದ ವೈರಿಯು ಓಟದ ರಭಸವನ್ನು ಕಳೆದುಕೊಂಡು ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳಬೇಕೆಂದೇ ಹೀಗೆ ಕಟ್ಟುತ್ತಿದ್ದರು.

ಈ ಬಾಗಿಲುಗಳನ್ನು ದಾಟಿದ ಸೈನ್ಯಗಳೆಷ್ಟು! ಬಹಮನಿ ಸುಲ್ತಾನರಿಗೂ ವಿಜಯನಗರದ ಅರಸರಿಗೂ, ಬಳಿಕ ಬಿಜಾಪುರದ ಆದಿಲಶಾಹಿಗಳಿಗೂ ನಡೆದ ಹೋರಾಟಗಳಲ್ಲಿ ರಾಯಚೂರು ಮತ್ತು ಮುದಗಲ್ಲಿನ ಕೋಟೆಗಳು ಕೈಯಿಂದ ಕೈಗೆ ಹೋದವು. ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳ ನಿಮಿತ್ತ ಒಂದನೆಯ ದೇವರಾಯನಿಗೂ ಫಿರೋಜಶಹಾ ಬಹಮನಿಗೂ 1406ರಲ್ಲಿ ಯುದ್ಧ ನಡೆಯಿತೆಂದು ಫಿರಿಶ್ತಾ ಎಂಬ ಇತಿಹಾಸಕಾರನು ಬರೆದಿದ್ದಾನೆ. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ ಕ್ರಿಸ್ಟೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಬಂದೂಕಿನವರೊಡನೆ ಅವನಿಗೆ ನೆರವಾದನು. 1565ರ ರಕ್ಕಸತಂಗಡಿಯ ಕಾಳಗದ ತರುವಾಯ ದೋಆಬು ಬಿಜಾಪುರದ ಪಾಲಾಯಿತು.

ಈ ಕಾಲದ ಏರುಪೇರುಗಳೆಲ್ಲ ಕೋಟೆಯ ಕಲ್ಲುಗಳಲ್ಲೇ ಓದಲು ಸಿಗುತ್ತವೆ. ಗೋಡೆಯ ಕೆಲವು ಸಾಲುಗಳು ಹಿಂದೂ ಶಿಲ್ಪಿಗಳ ಕೈಕೆಲಸ. ಮೇಲಿನ ಕಮಾನಿನಾಕಾರದ ತೆನೆಗಳು ಮುಸಲ್ಮಾನರ ಮಾದರಿ. ನಮ್ಮ ನಾಡಿನ ಪ್ರಾಚೀನ ಶಿಲ್ಪಿಗಳು ಬಾಗಿಲ ಮೇಲೆ ಉದ್ದನೆಯ ಒಂದೇ ಕಲ್ಲನ್ನು ಅಡ್ಡ ಇಡುತ್ತಿದ್ದರು. ಕಲ್ಲು ಭಾರವನ್ನು ಹೊರಬಲ್ಲದು, ಬಾಗುವುದನ್ನು ತಾಳದು. ಬಾಗಿಲು ಅಗಲವಾದಷ್ಟೂ ಅಡ್ಡಗಲ್ಲು ನಡುವೆ ಸೀಳುವ ಭಯ. ಕಮಾನಿನಲ್ಲಿ ಹಾಗಲ್ಲ. ಮರದ ಚೌಕಟ್ಟನ್ನು ನಿಲ್ಲಿಸಿ, ಎರಡು ಬದಿಗಳಿಂದಲೂ ಬೆಣೆಯಾಕಾರದ ಕಲ್ಲುಗಳನ್ನು ಏರಿಸುತ್ತ ಬಂದು, ನೆತ್ತಿಯಲ್ಲಿ ಕೊನೆಯ ಕಲ್ಲನ್ನು ಕೂರಿಸಿದ ಮೇಲೆ ಚೌಕಟ್ಟನ್ನು ತೆಗೆಯುತ್ತಾರೆ. ಆಗ ಪ್ರತಿಯೊಂದು ಕಲ್ಲೂ ಬೀಳಲೆಳಸುತ್ತದೆ, ಪ್ರತಿಯೊಂದನ್ನೂ ಪಕ್ಕದ ಕಲ್ಲು ತಡೆಯುತ್ತದೆ. ಭಾರವು ಕಲ್ಲಿನಿಂದ ಕಲ್ಲಿಗೆ ಸಾಗಿ ಬುಡದ ಗೋಡೆಗೆ ಇಳಿಯುತ್ತದೆ. ಒಂದು ಕಲ್ಲಿನ ಬಲದಿಂದ ನಿಂತ ಕಮಾನು ಲೋಕದಲ್ಲಿ ಇಲ್ಲ. ಎಲ್ಲ ಕಲ್ಲುಗಳೂ ಒಂದನ್ನೊಂದು ಆತುಕೊಂಡಿರುವುದರಿಂದಲೇ ಅದು ನಿಲ್ಲುತ್ತದೆ. ಒಂದು ಧರ್ಮಕೇಂದ್ರದ ಜೀವನವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರ ತೆಗೆಯುವ ಕೆಲಸಕ್ಕೆ ಮಂಜು ಅಡ್ಡಿಯಾಗುವುದೆಂದು ನಾವು ಅಂಜಿದ್ದೆವು. ನಮ್ಮೊಡನೆ ಬಂದಿದ್ದ ಛಾಯಾಗ್ರಾಹಕ ಮಿತ್ರರು ಮಂಜಿಗಾಗಿಯೇ ಈ ಹೊತ್ತನ್ನು ಆರಿಸಿದ್ದೆಂದು ತಿಳಿಸಿದರು. ಮಾರ್ಗಶಿರದ ಈ ದಿನಗಳಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರಾಭಿಮುಖವಾದ ದ್ವಾರದ ಮುಖದ ಮೇಲೆ ದಿನವಿಡೀ ಬಿಸಿಲು ಬೀಳುವುದಿಲ್ಲ. ಬಿಸಿಲೇರಿದ ಮೇಲೆ ಚಿತ್ರ ತೆಗೆದರೆ ಕಮಾನಿನ ಹಿಂದಿನ ಆಕಾಶ ಬೆಳ್ಳಗೆ ಸುಟ್ಟಂತಾಗಿ ಕಲ್ಲು ಮಸಿಯಂತೆ ಕಾಣುತ್ತದೆ. ಮಂಜಿನಲ್ಲಿ ಬೆಳಕು ಎಲ್ಲ ಕಡೆಯಿಂದಲೂ ಸಮವಾಗಿ ಬರುವುದರಿಂದ ಕಲ್ಲಿನ ಸಂದುಗಳೂ ಉಳಿಯ ಗುರುತುಗಳೂ ಕಾಣುತ್ತವೆ. ಹತ್ತಿರದ ಕಲ್ಲು ಕಪ್ಪಾಗಿಯೂ ದೂರದ ಗೋಡೆ ಬಿಳಿಚಿಯೂ ತೋರುವುದರಿಂದ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ನೋಡುವವನಿಗೆ ತಾನಾಗಿ ತಿಳಿಯುತ್ತದೆ. ಮಂಜಿನ ಬಿಳುಪಿಗೆ ಕ್ಯಾಮರಾ ಮೋಸಹೋಗಿ ಚಿತ್ರವನ್ನು ಮಂಕಾಗಿಸುತ್ತದೆ. ಆದುದರಿಂದ ಅದು ಹೇಳುವುದಕ್ಕಿಂತ ತುಸು ಹೆಚ್ಚು ಬೆಳಕನ್ನು ಒಳಬಿಡಬೇಕು. ಕ್ಯಾಮರಾವನ್ನು ಮೇಲೆತ್ತಿ ಹಿಡಿದರೆ ಕಮಾನು ಹಿಂದಕ್ಕೆ ಬೀಳುವಂತೆ ತೋರುತ್ತದೆ. ಆದುದರಿಂದ ದೂರ ಸರಿದು, ಮಟ್ಟವಾಗಿ ನಿಲ್ಲಿಸಿ ತೆಗೆಯಬೇಕು. ಇವೆಲ್ಲವನ್ನೂ ಅವರು ಕೈಯಲ್ಲಿ ಕೆಲಸ ಮಾಡುತ್ತಲೇ ಹೇಳಿದರು.

ಅಷ್ಟರಲ್ಲಿ ಮಂಜಿನೊಳಗಿಂದ ಆಡುಗಳ ಕುತ್ತಿಗೆಯ ಗಂಟೆ ಕೇಳಿಸಿತು. ಕಂಬಳಿ ಹೊದ್ದ ಮುದುಕರೊಬ್ಬರು ಬಂದು ನಮ್ಮನ್ನು ನೋಡಿ ನಿಂತರು.

“ಏನ್ರೀ ಸಾಹೇಬ್ರ, ಹಾಳುಬಿದ್ದ ಕಲ್ಲಿನ ಫೋಟೋ ಯಾಕ ತೆಗೀಲಿಕತ್ತೀರಿ?”

“ಹಾಳುಬಿದ್ದದ್ದು ಅಲ್ಲ ಅಜ್ಜಾ, ಇನ್ನೂ ನಿಂತದ್ದು ಅಂತ ತೆಗೀಲಿಕತ್ತೀವಿ.”

“ಹಂಗಾದ್ರ ನಂದೂ ಒಂದು ತೆಗೀರಿ. ನಾನೂ ಇನ್ನೂ ನಿಂತೀನಿ.”

ನಾವೆಲ್ಲರೂ ನಕ್ಕೆವು, ಅವರೂ ನಕ್ಕರು. ಅವರನ್ನು ಕಮಾನಿನ ಕೆಳಗೆ ನಿಲ್ಲಿಸಿ ತೆಗೆದ ಚಿತ್ರವೇ ಆ ದಿನದ ಚಿತ್ರಗಳಲ್ಲಿ ಉತ್ತಮವಾಯಿತು. ಮನುಷ್ಯನೊಬ್ಬ ಕೆಳಗೆ ನಿಂತಾಗಲೇ ಕಮಾನಿನ ಎತ್ತರವೆಷ್ಟೆಂದು ಕಣ್ಣಿಗೆ ತಿಳಿಯುವುದು. ನಮ್ಮ ಹಿರಿಯರು ಹಳೆಯ ದೇವಾಲಯದ ಕಮಾನಿನ ಎತ್ತರದ ಬಗ್ಗೆ ಇಂದು ವಾದಿಸುತ್ತಿರುವುದು ಇಂತಹ ಒಂದು ಚಿತ್ರ ಇಲ್ಲದ ಕಾರಣದಿಂದಲೇ ಅಲ್ಲವೆ?

ನಮ್ಮ ನಾಡಿನ ಕಲ್ಲುಗಳನ್ನು ಹೀಗೆ ಕ್ಯಾಮರಾದಲ್ಲಿ ಹಿಡಿಯುವ ಕೆಲಸ ಇಂದು ನಿನ್ನೆಯದಲ್ಲ. ಛಾಯಾಚಿತ್ರಕಲೆ ಯೂರೋಪಿನಲ್ಲಿ 1839ರಲ್ಲಿ ಪ್ರಕಟವಾಯಿತು. ಇಪ್ಪತ್ತು ವರ್ಷ ತುಂಬುವ ಮೊದಲೇ ಅದು ಕನ್ನಡ ನಾಡಿನ ಹಾಳೂರುಗಳನ್ನು ಸೇರಿತ್ತು. ಮುಂಬಯಿ ಸರ್ಕಾರವು 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆ ಮೊದಲಾದೆಡೆಗಳ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನ ನಂತರ ಡಾಕ್ಟರ್ ಪಿಗೌ, ಬಳಿಕ ನೀಲ್ ಆ ಕೆಲಸವನ್ನು ಮುಂದುವರಿಸಿದರು. ಆ ಚಿತ್ರಗಳು 1866ರಲ್ಲಿ ದೊಡ್ಡ ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾದಾಗ ಅವಕ್ಕೆ ಚರಿತ್ರೆಯ ಭಾಗವನ್ನು ಬರೆದವನು ನಮ್ಮ ನೆರೆಯ ಸುರಪುರದಲ್ಲಿ ಬಹುಕಾಲ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್.

ಇದೇ ಕಾಲದಲ್ಲಿ, 1856ರಲ್ಲಿ, ಮದರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ಹಂಪೆಯ ಚಿತ್ರಗಳನ್ನು ತೆಗೆದನು. ಆಗ ಫಿಲ್ಮಿನ ಸುರುಳಿಯಿರಲಿಲ್ಲ. ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದಗಳಿಗೆ ಬೆಳ್ಳಿಯ ರಾಸಾಯನಿಕಗಳನ್ನು ಬಳಿದು, ಪೆಟ್ಟಿಗೆಯಷ್ಟು ದೊಡ್ಡ ಕ್ಯಾಮರಾದಲ್ಲಿಟ್ಟು, ಬಹಳ ಹೊತ್ತು ಬೆಳಕಿಗೆ ತೆರೆದಿಡಬೇಕಾಗಿತ್ತು. ಬಳ್ಳಾರಿ ಸೀಮೆಯ ಸೆಕೆಯಲ್ಲಿ ಆ ಕಾಗದಗಳನ್ನು ಕೆಡದಂತೆ ಕಾಪಾಡಿದ್ದೇ ಒಂದು ಸಾಹಸ. ಆ ಕಾಗದಗಳು ನೂರು ವರ್ಷಕ್ಕೂ ಮಿಕ್ಕಿ ಯಾರ ಗಮನಕ್ಕೂ ಬಾರದೆ ಇದ್ದು, 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಹಂಪೆಗೆ ಬಂದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ, ಅಲ್ಲಿಯೇ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಬಿದ್ದಿತು, ಏನು ಉಳಿಯಿತು ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಹಂಪೆಯ ಕಲ್ಲಿನ ರಥವನ್ನು ನಾವೆಲ್ಲರೂ ಕಂಡಿದ್ದೇವೆ. ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಇಂದು ಅದಿಲ್ಲ. ಆ ಒಂದು ಚಿತ್ರವಿಲ್ಲದಿದ್ದರೆ ರಥವು ಮೊದಲಿನಿಂದಲೂ ಬೋಳಾಗಿಯೇ ಇತ್ತೆಂದು ಎಲ್ಲರೂ ನಂಬುತ್ತಿದ್ದರು.

ನಮ್ಮ ಕಥೋಲಿಕ ದೇವಾಲಯಗಳ ಚರಿತ್ರೆಯಲ್ಲೂ ಇಂತಹ ಪಾಠಗಳಿವೆ. ಹಳೆಯ ಗೋವೆಯಲ್ಲಿ ಯೇಸುಸಭೆಯ ಗುರುಗಳ ಸಂತ ಪೌಲರ ಕಾಲೇಜು ಒಂದು ಕಾಲಕ್ಕೆ ಪೂರ್ವ ದೇಶಗಳಿಗೆಲ್ಲ ಪ್ರಸಿದ್ಧವಾಗಿತ್ತು. ಇಂದು ಅಲ್ಲಿ ನಿಂತಿರುವುದು ಅದರ ದ್ವಾರದ ಕಮಾನು ಮಾತ್ರ. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವು ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಮುಳುಗಿ, ಬೇಸಗೆಯಲ್ಲಿ ಮೇಲೆದ್ದು, ಸೂರಿಲ್ಲದ ಅದರ ಕಮಾನುಗಳು ಮಂಜಿನ ಬೆಳಗಿನಲ್ಲಿ ನೀರಿನ ನಡುವೆ ನಿಂತಿರುವ ನೋಟವನ್ನು ಹಿಡಿಯಲು ದೂರದೂರದಿಂದ ಛಾಯಾಗ್ರಾಹಕರು ಬರುತ್ತಾರೆ. ಅವರಿಗೆ ಅದೊಂದು ಸುಂದರ ದೃಶ್ಯ. ಆದರೆ ಅಲ್ಲಿ ಸ್ನಾನದೀಕ್ಷೆ ಪಡೆದವರಿಗೆ, ಅಲ್ಲಿ ತಾಳಿ ಕಟ್ಟಿಸಿಕೊಂಡವರಿಗೆ ಅದು ದೃಶ್ಯವಲ್ಲ, ತವರು. ಹಾಳಾದ ಮೇಲೆ ತೆಗೆದ ಚಿತ್ರವು ಸೌಂದರ್ಯವನ್ನು ತೋರಿಸಬಲ್ಲದು. ಜನರು ತುಂಬಿದ್ದಾಗ ತೆಗೆದ ಚಿತ್ರವು ಮಾತ್ರ ಅಲ್ಲಿನ ಬಾಳನ್ನು ತೋರಿಸಬಲ್ಲದು.

ಮುದಗಲ್ಲಿನಿಂದ ಹಿಂದಿರುಗುವಾಗ ಮಂಜು ಕರಗಿ ಬಿಸಿಲು ಬಿದ್ದಿತ್ತು. ಆ ಸಂಜೆ ನಾವು ತೆಗೆದ ಚಿತ್ರಗಳನ್ನೂ ಆ ಹಳೆಯ ವಿವಾಹದ ಚಿತ್ರವನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದೆವು. ಮುದಗಲ್ಲಿನ ಕಮಾನಿನ ಎಡಬುಡದ ಕಲ್ಲುಗಳು ಹೇಗೆ ಮೇಲೇಳುತ್ತ ಒಳಕ್ಕೆ ಬಾಗುತ್ತವೆ ಎಂಬುದನ್ನು ಕಂಡ ಮೇಲೆ ವರನ ತಲೆಯ ಪಕ್ಕದ ಆ ಮೂರು ಕಲ್ಲುಗಳು ನಮ್ಮೊಡನೆ ಮಾತನಾಡಿದಂತಾಯಿತು. ಅವು ಸಣ್ಣವು; ಕೋಟೆಯ ಕಲ್ಲುಗಳ ಹಾಗೆ ನಯವಾಗಿ ಕಡೆದವಲ್ಲ; ಆದರೆ ಕಟ್ಟಿದ ರೀತಿ ಒಂದೇ. ಅರಸರ ಕೋಟೆಗೆ ಕಮಾನು ಕಟ್ಟಿದ ವಿದ್ಯೆಯೇ ನಮ್ಮ ಬಡ ದೇವಾಲಯದ ಬಾಗಿಲಿಗೂ ಇಳಿದು ಬಂದಿತ್ತು. ಆ ಚಿತ್ರವನ್ನು ನಾವು ತಿರುಗಿಸಿ ನೋಡಿದೆವು. ಹಿಂಬದಿಯಲ್ಲಿ ಒಂದಕ್ಷರವೂ ಇರಲಿಲ್ಲ. ವಧೂವರರು ಯಾರೆಂದು ಆ ಮನೆಯವರಿಗೂ ಖಚಿತವಾಗಿ ತಿಳಿಯದು; ಅಜ್ಜಿಯ ಕಡೆಯವರಿರಬೇಕೆಂದು ಮಾತ್ರ ಹೇಳಿದರು. ಮಸ್ಕಿಯ ಬಂಡೆಯಲ್ಲಿ ಒಂದು ಹೆಸರಿದ್ದುದರಿಂದ ಎರಡು ಸಾವಿರ ವರ್ಷಗಳಿಗೂ ಹಿಂದಿನ ದೊರೆಯ ಗುರುತು ಸ್ಥಿರಪಟ್ಟಿತು. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಹೆಸರಿಲ್ಲದುದರಿಂದ ಎರಡು ತಲೆಮಾರಿನ ಹಿಂದಿನ ನಮ್ಮವರೇ ನಮಗೆ ಅಪರಿಚಿತರಾದರು.

ಇಂದು ಪ್ರತಿಯೊಬ್ಬರ ಕೈಯಲ್ಲೂ ಮೊಬೈಲಿದೆ, ಒಂದೊಂದು ಹಬ್ಬಕ್ಕೂ ಸಾವಿರ ಚಿತ್ರ ತೆಗೆಯುತ್ತೇವೆ. ಆ ಯಂತ್ರ ಕೆಟ್ಟರೆ ಅಥವಾ ಕಳೆದುಹೋದರೆ ಸಾವಿರವೂ ಒಮ್ಮೆಗೇ ಹೋಗುತ್ತವೆ. ಉಳಿದರೂ ಅವುಗಳಲ್ಲಿ ಇರುವವರು ಯಾರೆಂದು ಐವತ್ತು ವರ್ಷಗಳ ನಂತರ ಹೇಳುವವರಿರುವುದಿಲ್ಲ. ಹೆಸರಿಲ್ಲದ ಸಾವಿರ ಚಿತ್ರಗಳಿಗಿಂತ ಹೆಸರು, ಊರು, ದಿನಾಂಕ ಬರೆದ ಹತ್ತು ಚಿತ್ರಗಳು ಮೇಲು.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ಧರ್ಮಕೇಂದ್ರದ ಎಲ್ಲ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮ ಮನೆಯಲ್ಲಿರುವ ಹಳೆಯ ಚಿತ್ರಗಳನ್ನು ಹಿರಿಯರ ಮುಂದೆ ಹಿಡಿದು, ಯಾರು, ಎಲ್ಲಿ, ಯಾವಾಗ ಎಂದು ಕೇಳಿ, ಮೃದುವಾದ ಪೆನ್ಸಿಲಿನಿಂದ ಹಿಂಬದಿಯಲ್ಲಿ ಬರೆಯಿರಿ. ಹಿರಿಯರು ಇರುವಾಗಲೇ ಬರೆಯಿರಿ. ದೇವಾಲಯದ ಯಾವ ಭಾಗವನ್ನಾದರೂ ದುರಸ್ತಿಗೊಳಿಸುವ ಅಥವಾ ತೆಗೆಯುವ ಸಂದರ್ಭ ಬಂದರೆ, ಸಲಿಕೆ ಮುಟ್ಟಿಸುವ ಮೊದಲು ಅದರ ಮುಂದೆ ಜನರನ್ನು ನಿಲ್ಲಿಸಿ ಒಂದು ಚಿತ್ರ ತೆಗೆಯಿರಿ. ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಗುರುಗಳ ಮನೆಯ ದಾಖಲೆ ಪುಸ್ತಕಗಳೊಡನೆ ಇಡಿ. ಇನ್ನು ನೂರು ವರ್ಷಗಳ ಮೇಲೆ ಮತ್ತೊಂದು ಸಂಚಿಕೆ ಹೊರಡಿಸುವವರು ನಮ್ಮಂತೆ ಬರಿಗೈಯಲ್ಲಿ ಮನೆಮನೆ ಅಲೆಯದಿರಲಿ.

ಹಳೆಯ ದೇವಾಲಯದ ಕಮಾನಿನ ಕಲ್ಲುಗಳನ್ನು ಹೊಸ ಕಟ್ಟಡದ ಅಡಿಪಾಯಕ್ಕೆ ಹಾಕಿದರೆಂದು ಹಿರಿಯರು ಹೇಳುತ್ತಾರೆ. ಹಾಗಿದ್ದರೆ ಪ್ರತಿ ಭಾನುವಾರವೂ ಬಲಿಪೂಜೆಗೆ ನಾವು ಮೊಣಕಾಲೂರುವುದು ಅವುಗಳ ಮೇಲೆಯೇ. ಅವು ಕಣ್ಣಿಗೆ ಕಾಣದಿದ್ದರೂ ನಮ್ಮ ಭಾರವನ್ನು ಹೊರುತ್ತಿವೆ. ಮುದಗಲ್ಲಿನ ಕಮಾನಿನ ಕೆಳಗೆ ನಿಂತ ಅಜ್ಜನವರ ಚಿತ್ರವನ್ನು ಈ ಸಂಚಿಕೆಗಾಗಿ ಅಚ್ಚು ಹಾಕಿಸಿದ್ದೇವೆ. ಅದರ ಹಿಂಬದಿಯಲ್ಲಿ ಅವರ ಹೆಸರನ್ನೂ ಆ ದಿನದ ತಾರೀಖನ್ನೂ ಬರೆದಿದ್ದೇವೆ. ಪಕ್ಕದಲ್ಲಿಯೇ ಮೂರು ಕಲ್ಲುಗಳ ವಿವಾಹದ ಚಿತ್ರವಿರುತ್ತದೆ. ಆ ವಧೂವರರನ್ನು ಗುರುತಿಸಬಲ್ಲವರು ಯಾರಾದರೂ ಇದ್ದರೆ, ದಯಮಾಡಿ ನಮಗೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ. ಅದರ ಹಿಂಬದಿಯ ಜಾಗ ಇನ್ನೂ ಖಾಲಿಯಿದೆ.